ಸಿಮಿಟಿಗೆ ಗೊತ್ತಿದ್ದ ಕನ್ನಡ

ನಮ್ಮ ಮನೆಗೆ ಬಾಗಿಲು ಬರುವ ಹೊತ್ತಿಗೆ ಅದು ನಮ್ಮ ಮನೆಯಾಗಿ ಉಳಿಯುತ್ತಿರಲಿಲ್ಲ. ಅಪ್ಪನದು ಸೆಂಟ್ರಿಂಗ್ ಕೆಲಸ. ಕಾಂಕ್ರೀಟು ಸುರಿಯುವ ಮೊದಲು ಹಲಗೆ, ಕಬ್ಬಿಣದ ತಗಡು ಜೋಡಿಸಿ ಅಚ್ಚು ಕಟ್ಟುವುದು, ಗಟ್ಟಿಯಾದ ಮೇಲೆ ಬಿಚ್ಚುವುದು. ಆಳಂದದ ಕಡೆಯಿಂದ ಬಂದ ನಮ್ಮಂಥ ಸಂಸಾರಗಳನ್ನು ನಾಸಿಕದ ಗುತ್ತೇದಾರರು ಏಳುತ್ತಿರುವ ಬಿಲ್ಡಿಂಗಿನಲ್ಲೇ ಇರಲು ಬಿಡುತ್ತಿದ್ದರು. ಮುಂದೆ ಯಾರದೋ ಹಾಲ್ ಆಗಬೇಕಾದ ಜಾಗ ನಮ್ಮ ಅಡುಗೆಮನೆ. ಯಾರದೋ ಬೆಡ್‌ರೂಮು ನಮ್ಮ ಪಡಸಾಲೆ. ಕಿಟಕಿಗೆಂದು ಬಿಟ್ಟ ಚೌಕದಲ್ಲಿ ಅಜ್ಜಿಯ ವಿಭೂತಿ ಗಟ್ಟಿ, ಊದಿನಕಡ್ಡಿ, ಚೌಕಟ್ಟಿಲ್ಲದ ಒಂದು ದೇವರ ಫೋಟೋ. ಗೋಡೆಗೆ ಪ್ಲಾಸ್ಟರು ಆಯಿತೆಂದರೆ ಅವ್ವ ಪಾತ್ರೆಗಳನ್ನು ಗಂಟು ಕಟ್ಟಲು ಶುರು ಮಾಡುತ್ತಿದ್ದಳು. ಬಾಗಿಲ ಚೌಕಟ್ಟು ಬಂತೆಂದರೆ ಮುಗಿಯಿತು. ಬಾಲ್ಯದ ಮನೆ ಎಂದೊಡನೆ ಎಲ್ಲರಿಗೂ ಒಂದು ಹೊಸ್ತಿಲು ನೆನಪಾಗುತ್ತದಂತೆ. ನನಗೆ ಹೊಸ್ತಿಲು ಎಂದರೆ ಹೊರಡುವ ಸೂಚನೆ.

ಬಾಗಿಲಿಲ್ಲದ ಮನೆಯಲ್ಲಿ ಜೀವವನ್ನು ಕಾಯುವುದೇ ಒಂದು ಮನೆಗೆಲಸ. ಅವ್ವ ಇಟ್ಟಿಗೆ ಹೊರಲು ಹೋಗುತ್ತಿದ್ದುದರಿಂದ ಆ ಕೆಲಸ ಅಜ್ಜಿಯ ಪಾಲಿಗೆ ಬಂದಿತ್ತು. ಲಿಫ್ಟಿಗೆಂದು ಬಿಟ್ಟ ಗುಂಡಿ ಎಲ್ಲ ಮಹಡಿಯಲ್ಲೂ ಬಾಯಿ ತೆರೆದುಕೊಂಡಿರುತ್ತಿತ್ತು. ನಾವಿದ್ದ ಮಹಡಿಯಲ್ಲಿ ಅಜ್ಜಿ ಅದರ ಬಾಯಿಗೆ ತನ್ನ ಹಳೆಯ ಇಳಕಲ್ ಸೀರೆಯನ್ನು ಎಳೆದು ಕಟ್ಟುತ್ತಿದ್ದಳು. ಆ ಸೀರೆಯ ಈಚೆ ಇರಬೇಕಾದವರು ಇಬ್ಬರು: ನಾನು ಮತ್ತು ಸಿಮಿಟಿ. ಸಿಮಿಟಿ ನಮ್ಮ ನಾಯಿ. ಖಾಲಿ ಸಿಮೆಂಟ್ ಚೀಲಗಳ ರಾಶಿಯಲ್ಲಿ ಕುಂಯ್ಗುಡುತ್ತಿದ್ದ ಮರಿಯನ್ನು ಅಜ್ಜಿ ಸೆರಗಿನಲ್ಲಿ ಎತ್ತಿಕೊಂಡು ಬಂದಾಗ ಅದರ ಮೈಯೆಲ್ಲ ಪುಡಿ. ತೊಳೆದರೂ ಬಣ್ಣ ಹೋಗಲಿಲ್ಲ. ಅದು ಹುಟ್ಟಿದ್ದೇ ಬೂದು ಬಣ್ಣದಲ್ಲಿ. ಬೆಳಿಗ್ಗೆ ನಾವು ಏಳುವ ಮೊದಲು ಅಜ್ಜಿ ಕಸಬರಿಗೆ ಹಿಡಿದು ಹಲಗೆಯಿಂದ ಉದುರಿದ ಮೊಳೆಗಳನ್ನು ಗುಡಿಸುತ್ತಿದ್ದಳು. ಸಂಜೆ ಕೈಕಾಲು ತೊಳೆದ ಮೇಲೆ ನನ್ನ ಅಂಗಾಲುಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುವಳು, ಆಮೇಲೆ ಸಿಮಿಟಿಯ ಪಾದಗಳನ್ನು. ನನಗಿಂತ ಅದೇ ಸುಮ್ಮನೆ ಕೂರುತ್ತಿತ್ತು.

ನಾನು ಮರಾಠಿ ಶಾಲೆಗೆ ಹೋಗುತ್ತಿದ್ದೆ. ಅಲ್ಲಿ ಸಂಗೀತಾ, ಮನೆಯಲ್ಲಿ ಸಂಗಮ್ಮ, ಅಜ್ಜಿಯ ಬಾಯಲ್ಲಿ ಸಂಗೀ. ಶಾಲೆಯಲ್ಲಿ ವಾದವಿವಾದ ಕಲಿಸುವ ಒಬ್ಬ ಸರ್ ಇದ್ದರು. ಒಂದು ಮಾತಿನ ಪರವಾಗಿ ವಾದಿಸಿ ಚಪ್ಪಾಳೆ ಗಿಟ್ಟಿಸಿಕೊಂಡು ಕುಳಿತವಳನ್ನು ಅದೇ ಉಸಿರಿನಲ್ಲಿ ಎಬ್ಬಿಸಿ, ಈಗ ಅದರ ವಿರುದ್ಧ ಮಾತಾಡು ಎನ್ನುತ್ತಿದ್ದರು. ಆ ಚಟ ನನ್ನೊಡನೆ ಮನೆಗೂ ಬಂತು. ದೇವರಿಗೆ ಹೊಟ್ಟೆ ಇಲ್ಲದ ಮೇಲೆ ಎಡೆ ಯಾಕೆ, ಬೆಕ್ಕು ಅಡ್ಡ ಬಂದರೆ ಕೆಟ್ಟದಾಗುವುದು ನಮಗೋ ಬೆಕ್ಕಿಗೋ, ಹೀಗೆ. ಮನೆಯವರೆಲ್ಲ ಕನ್ನಡದಲ್ಲಿ ಕೇಳಿದರೆ ನಾನು ಮರಾಠಿಯಲ್ಲಿ ಉತ್ತರಿಸುತ್ತಿದ್ದೆ. ಕನ್ನಡ ಕಿವಿಗೆ ಬರುತ್ತಿತ್ತು, ನಾಲಿಗೆಗೆ ಸಲೀಸಾಗಿ ಬರುತ್ತಿರಲಿಲ್ಲ. ಅಪ್ಪ, ಅವ್ವ ಅದನ್ನು ಸಹಿಸಿಕೊಂಡರು. ಸಹಿಸಿಕೊಳ್ಳದ ಜೀವ ಒಂದೇ, ಸಿಮಿಟಿ. ಮರಾಠಿಯಲ್ಲಿ ಕರೆದರೆ ಅದು ತಿರುಗಿಯೂ ನೋಡುತ್ತಿರಲಿಲ್ಲ. ಹಾಗೆ ಕಲಿಸಿದವಳು ಅಜ್ಜಿ. ಯಾಕೆ ಎಂದು ಹೇಳಲು ಅವಳದೇ ಒಂದು ಕಥೆ ಹೇಳಬೇಕು.

ಊರಿನಿಂದ ಬಂದ ಹೊಸದರಲ್ಲಿ ಅಜ್ಜಿ ನಾಸಿಕದ ಬಸ್ ನಿಲ್ದಾಣದಲ್ಲಿ ತಪ್ಪಿಸಿಕೊಂಡಿದ್ದಳು. ಅಪ್ಪ ಯಾವುದೋ ಗಾಡಿ ವಿಚಾರಿಸಲು ಹೋದವನು ಜನರ ನಡುವೆ ಇನ್ನೊಂದು ಕಡೆಯಿಂದ ಹೊರಗೆ ಬಂದ. ಇವಳು ಒಂದು ಕಂಬಕ್ಕೆ ಬೆನ್ನು ಹಚ್ಚಿ, ಸೆರಗನ್ನು ಮುಖದ ತನಕ ಎಳೆದುಕೊಂಡು ಕುಳಿತುಬಿಟ್ಟಳು. ಯಾರೋ ಹೆಸರು ಕೇಳಿದರು, ಯಾರೋ ಊರು ಕೇಳಿದರು, ಒಬ್ಬಳು ಚಹಾ ತಂದು ಮುಂದಿಟ್ಟಳು. ಎಲ್ಲವೂ ಮರಾಠಿ. ಅಜ್ಜಿ ಬಾಯಿ ಬಿಡಲಿಲ್ಲ, ಚಹಾ ಮುಟ್ಟಲಿಲ್ಲ. ಹೊತ್ತು ಇಳಿಯುವಾಗ ಎಲ್ಲಿಂದಲೋ ಅಪ್ಪನ "ಯವ್ವಾ" ಎಂಬ ದನಿ ಕೇಳಿತು. ಆಗ ಎದ್ದಳು. ನಮ್ಮ ಮನೆಯಲ್ಲಿ ಈ ಕಥೆಗೆ ವೇದದ ಸ್ಥಾನ. ತಪ್ಪಿಸಿಕೊಂಡವರು ಪರರ ಮಾತಿಗೆ ಏಳಬಾರದು, ಪರರ ಕೈಯಿಂದ ತಿನ್ನಬಾರದು, ತಮ್ಮವರ ಮಾತು ಕೇಳುವ ತನಕ ಕಂಬ ಬಿಡಬಾರದು. ಈ ನಿಯಮವನ್ನು ಅವಳು ಮೊದಲು ನನಗೆ ಕಲಿಸಿದಳು, ಆಮೇಲೆ ಸಿಮಿಟಿಗೆ. ಸೈಟಿನಲ್ಲಿ ಬಿಹಾರದವರು, ಮರಾಠವಾಡದವರು, ತೆಲುಗಿನವರು ಎಲ್ಲ ಇದ್ದರು. ಯಾರು ಬೇಕಾದರೂ ನಾಯಿಯನ್ನು ಪುಸಲಾಯಿಸಿ ಕರೆದುಕೊಂಡು ಹೋಗಬಹುದು ಎಂಬುದು ಅವಳ ಭಯ. ನಾನು ಊಟಕ್ಕೆ ಕುಳಿತಾಗ, ಅಜ್ಜಿಗೆ ತಿಳಿಯಲೆಂದು ನನ್ನ ಹರಕು ಕನ್ನಡದಲ್ಲೇ, ವಾದ ತೆಗೆದೆ.

"ಅಜ್ಜಿ, ಒಂದ್ ಸಲ ನೀ ಸಿಕ್ಕಿದಿ ಅಂದ್ರ ಅದು ಕಾಯ್ದೆ ಆಗ್ತದೇನ? ಎದ್ದು ಹೋಗಿ ಸಿಕ್ಕವರೂ ಇರ್ತಾರಲ್ಲ."

"ಎದ್ದು ಹೋಗಿ ಸಿಗಲಾರದವರು ನಿನ್ನ ಸಾಲಿಗಿ ಬಂದು ಹೇಳ್ತಾರೇನ?"

"ಮತ್ತ ಸಿಮಿಟಿ ಕಳದ್ರ? ಹುಡುಕಿದವರು ಹೆಂಗ ಕರೀಬೇಕು?"

"ಕರೀಲಾಕ ನಾ ಇಲ್ಲೇನ?"

"ನೀ ಅಲ್ಲಿ ಇರಲಿಕ್ಕಂದ್ರ?"

"ನಾ ಇರಲಾರದ ಕಡಿಗಿ ಅದು ಯಾಕ ಹೋಗ್ತದ?"

ಅವ್ವ ಒಲೆಯ ಮುಂದಿನಿಂದ ತಿರುಗಿ ನೋಡಿದಳು.

"ಅತ್ತಿ, ನಿಮ್ಮ ಕೋರ್ಟ್ ಬಂದ್ ಮಾಡ್ರಿ. ರೊಟ್ಟಿ ಆರಲಾಕತ್ತಾವ."

ಸಿಮಿಟಿಗೆ ಬರುತ್ತಿದ್ದ ಕನ್ನಡ ಬಹಳವೇನಲ್ಲ. ಬಾ, ನಿಂದ್ರು, ತಿನ್ನು. ಜೋಳದ ರೊಟ್ಟಿಯ ತುಂಡನ್ನು ಅದರ ಮೂಗಿನ ಮುಂದಿಟ್ಟು ಅಜ್ಜಿ "ನಿಂದ್ರು" ಎನ್ನುವಳು. ಬಾಯಿಯಿಂದ ಜೊಲ್ಲು ಇಳಿದು ನೆಲ ಒದ್ದೆಯಾದರೂ ಅದು ಬಾಗುತ್ತಿರಲಿಲ್ಲ. "ತಿನ್ನವ್ವಾ" ಎಂದ ಮೇಲೆ ರೊಟ್ಟಿ ಎಲ್ಲಿ ಹೋಯಿತೋ ಕಾಣುತ್ತಿರಲಿಲ್ಲ. ನಾನು ಹೇಳಿದರೂ ಕೇಳಲಿ ಎಂದು ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡು ಹೇಳಿಸುತ್ತಿದ್ದಳು. ನನ್ನ "ನಿಂದ್ರು" ಮರಾಠಿ ಎಳೆತದಲ್ಲಿ ಬಂದರೆ ನಾಯಿ ಅಜ್ಜಿಯ ಮುಖ ನೋಡುತ್ತಿತ್ತು, ಇವಳನ್ನು ನಂಬಲೋ ಬೇಡವೋ ಎಂಬಂತೆ. ಮಾತಿನ ಸ್ಪರ್ಧೆಗಳಲ್ಲಿ ಬಹುಮಾನದ ಕಪ್ ತಂದವಳಿಗೆ ಒಂದು ನಾಯಿಯ ಎದುರು ನಾಲಿಗೆ ತಿದ್ದಿಕೊಳ್ಳುವ ಅವಮಾನ. ಆದರೂ ತಿದ್ದಿಕೊಂಡೆ. ಈಗ ಈ ಬರವಣಿಗೆಯಲ್ಲಿ ಇರುವ ಕನ್ನಡದ ಬುಡ ಅಲ್ಲಿದೆ. ಪುಸ್ತಕಗಳೆಲ್ಲ ಆಮೇಲೆ ಬಂದವು.

ಒಂದು ಮಳೆಗಾಲದಲ್ಲಿ ಸೈಟಿನ ಹಿಂದಿನ ಖಾಲಿ ಜಾಗದಲ್ಲಿ ಯಾರೋ ಬನ್ನಿನಂಥ ಪಾವ್‌ಗಳಿಗೆ ವಿಷ ಸವರಿ ಎಸೆದರು. ಬೀದಿನಾಯಿಗಳ ಕಾಟ ಎಂಬ ಕೂಗು ಆಗ ಎದ್ದಿತ್ತು. ಎಸೆದವರು ಯಾರೆಂದು ಯಾರೂ ಹೇಳಲಿಲ್ಲ. ಮರಳಿನ ರಾಶಿಯ ಮೇಲೆ ಮಲಗುತ್ತಿದ್ದ ನಾಯಿಗಳೆಲ್ಲ ಮಧ್ಯಾಹ್ನದ ಹೊತ್ತಿಗೆ ಬಾಯಲ್ಲಿ ನೊರೆ ಬಂದು ಬಿದ್ದವು. ಸಿಮಿಟಿ ಒಂದು ಪಾವ್‌ನ ಮುಂದೆ ಕುಳಿತಿತ್ತು. ಜೊಲ್ಲು ಸುರಿಯುತ್ತಿತ್ತು. ಅಜ್ಜಿಯ ದಾರಿ ಕಾಯುತ್ತ ಕುಳಿತಿತ್ತು. ಅಜ್ಜಿ ಅದನ್ನು ಎತ್ತಿಕೊಂಡು ಬಂದು, ಬಾಯಿಯೊಳಗೆ ಬೆರಳು ಹಾಕಿ ನೋಡಿ, ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ನನ್ನ ಕಡೆ ತಿರುಗಿದಳು.

"ಈಗ ಹೇಳು. ನಿಮ್ಮ ಸರ್ ಏನಂತಾನ?"

ಸರ್ ಏನೂ ಅನ್ನಲಾರರು ಎಂದು ಒಪ್ಪಿಕೊಂಡೆ. ಆದರೆ ಪೂರ್ತಿ ಸೋಲುವುದು ನನ್ನ ಜಾಯಮಾನವಲ್ಲ. ಅಜ್ಜಿಯ ನಿಯಮ ಇರಲಿ, ಜೊತೆಗೆ ನನ್ನದೂ ಒಂದಿರಲಿ ಎಂದು ಹಟ ಹಿಡಿದೆ: ಸಿಮಿಟಿಯ ಕೊರಳಲ್ಲಿ ಅಪ್ಪನ ಫೋನ್ ನಂಬರ್ ಇರಬೇಕು. ಅಜ್ಜಿಗೆ ಕೊರಳಪಟ್ಟಿ ಕಂಡರಾಗದು, ದನಕ್ಕೆ ದಾವಣಿ ಕಟ್ಟಿದ ಹಾಗೆ ಎಂದಳು. ಅಪ್ಪ ತೀರ್ಪು ಕೊಟ್ಟ. ಹರಿದ ಸೇಫ್ಟಿ ಬೆಲ್ಟಿನ ಅಗಲವಾದ ಕಿತ್ತಳೆ ಪಟ್ಟಿ ಕತ್ತರಿಸಿ, ಅದರ ಮೇಲೆ ಕಪ್ಪು ಆಯಿಲ್ ಪೇಂಟಿನಲ್ಲಿ, ದೂರದಿಂದಲೂ ಓದಲು ಬರುವ ಹಾಗೆ, ತನ್ನ ನಂಬರ್ ಬರೆದ. ಅಂಕಿಗಳು ಕೊರಳ ಸುತ್ತ ಒಂದು ಸುತ್ತು ಬಂದವು. ಅಜ್ಜಿ ಅದಕ್ಕೆ ವಿಭೂತಿ ಹಚ್ಚಿ ತನ್ನದನ್ನಾಗಿ ಮಾಡಿಕೊಂಡಳು. ಎರಡು ಪಕ್ಷಗಳೂ ಗೆದ್ದ ವಾದ ನಮ್ಮ ಮನೆಯಲ್ಲಿ ಅದೊಂದೇ.

ಆ ಬಿಲ್ಡಿಂಗಿಗೆ ಬಾಗಿಲು ಬಂದದ್ದು ನನ್ನ ಬೇಸಿಗೆ ರಜೆಯಲ್ಲಿ. ಮುಂದಿನ ಕೆಲಸ ವಾಳೂಜ್ ಕಡೆ ಎಂದು ಗುತ್ತೇದಾರ ಹೇಳಿದ. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರಿಗೆ ಆಗ ಎಲ್ಲರೂ ಔರಂಗಾಬಾದ್ ಎನ್ನುತ್ತಿದ್ದರು. ವಾಳೂಜ್ ಅದರ ಹೊರಗಿನ ಕಾರ್ಖಾನೆಗಳ ಪ್ರದೇಶ. ಟೆಂಪೊದಲ್ಲಿ ಸೆಂಟ್ರಿಂಗಿನ ತಗಡುಗಳು, ಅವುಗಳ ಮೇಲೆ ನಮ್ಮ ಗಂಟು, ಗಂಟುಗಳ ಮೇಲೆ ನಾವು. ಸಿಮಿಟಿಯನ್ನು ಹಗ್ಗದಿಂದ ಟೆಂಪೊದ ಕಂಬಿಗೆ ಕಟ್ಟಿದ್ದರು, ಅಜ್ಜಿಯ ಕೈ ಅದರ ಬೆನ್ನ ಮೇಲೆ. ಡ್ರೈವರಿಗೆ ದಾರಿಯ ಈರುಳ್ಳಿ ಪೇಟೆ ಲಾಸಲಗಾಂವ್‌ನಲ್ಲಿ ಯಾರಿಗೋ ಕೊಡಬೇಕಾದ ಗೋಣಿಚೀಲದ ಕಟ್ಟುಗಳಿದ್ದವು. ಈರುಳ್ಳಿಯ ಕಾಲ. ಮಾರ್ಕೆಟ್ಟಿನ ಮುಂದೆ ಟ್ರ್ಯಾಕ್ಟರುಗಳ ಸಾಲು ರಸ್ತೆ ತುಂಬಿತ್ತು. ನಮ್ಮ ಟೆಂಪೊ ಗಕ್ಕನೆ ನಿಂತಾಗ ತಗಡುಗಳು ಒಂದರ ಮೇಲೊಂದು ಜಾರಿ ಗುಡುಗಿನಂಥ ಸದ್ದಾಯಿತು. ಸಿಮಿಟಿ ಹಾರಿತು. ತಗಡಿನ ಅಂಚಿಗೆ ದಾರಿಯುದ್ದಕ್ಕೂ ಉಜ್ಜಿ ಉಜ್ಜಿ ಹಗ್ಗ ಸವೆದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದು ದಾರದಂತೆ ಹರಿಯಿತು. ಗಾಲಿಗಳ ನಡುವೆ ಬೂದು ಬಾಲವೊಂದು ಒಂದು ಕ್ಷಣ ಕಂಡಿತು. ಅಜ್ಜಿ "ನಿಂದ್ರು" ಎಂದು ಕೂಗಿದಳು. ಟ್ರ್ಯಾಕ್ಟರುಗಳ ಸದ್ದಿನಲ್ಲಿ ಪಕ್ಕದಲ್ಲಿದ್ದ ನನಗೇ ಅದು ಸರಿಯಾಗಿ ಕೇಳಲಿಲ್ಲ.

ಹೊತ್ತು ಮುಳುಗುವ ತನಕ ಹುಡುಕಿದೆವು. ಡ್ರೈವರ್ ಮೊದಲು ಗೊಣಗಿದ, ಕೊನೆಗೆ ನಿಮ್ಮ ಸಾಮಾನು ಇಲ್ಲೇ ಇಳಿಸುತ್ತೇನೆ ಎಂದ. ಅಪ್ಪ ಅಜ್ಜಿಯ ತೋಳು ಹಿಡಿದು ಟೆಂಪೊ ಹತ್ತಿಸಿದ. ವಾಳೂಜ್ ತಲುಪುವ ತನಕ ಅವಳು ಹರಿದ ಹಗ್ಗದ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು. ಮಾರನೆಯ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋಗುವಾಗ ಫೋನನ್ನು ನನ್ನ ಕೈಗೆ ಕೊಟ್ಟ. ಬಿಸಿಲು ಏರುವ ಹೊತ್ತಿಗೆ ಅದು ರಿಂಗಾಯಿತು. ಲಾಸಲಗಾಂವ್ ಮಾರ್ಕೆಟ್ಟಿನ ಗೇಟಿನಲ್ಲಿ ಚಹಾದ ಗಾಡಿ ಇಟ್ಟಿರುವ ಒಬ್ಬ ಹೆಂಗಸು. ಅವಳ ಹೆಸರು ನಾನು ಕೇಳಲಿಲ್ಲ, ಚಿಕ್ಕಮ್ಮ ಎನ್ನುವ ಹಾಗೆ ಮಾವಶಿ ಎಂದೆ. ಕಿತ್ತಳೆ ಪಟ್ಟಿಯ ಮೇಲಿನ ಅಂಕಿಗಳನ್ನು ದೂರದಿಂದಲೇ, ನಾಯಿ ಕೊರಳು ತಿರುಗಿಸಿದಾಗಲೆಲ್ಲ ಒಂದಿಷ್ಟು, ಓದಿ ಫೋನ್ ಮಾಡಿದ್ದಳು. ನನ್ನ ನಿಯಮ ಕೆಲಸ ಮಾಡಿತ್ತು. ಆ ಹೆಮ್ಮೆ ನನಗೆ ಅವಳ ಮುಂದಿನ ಮಾತಿನ ತನಕ ಇತ್ತು.

"ಕುತ್ರೀ ಬಸಲೀಯ್, ಪಣ್ ಖಾತ್ ನಾಹೀ ಗ. ಜವಳ್ ಗೇಲಂ ಕೀ ಪಳತೇ."

ನಾಯಿ ಕುಳಿತಿದೆ, ಆದರೆ ತಿನ್ನುತ್ತಿಲ್ಲ, ಹತ್ತಿರ ಹೋದರೆ ಓಡುತ್ತದೆ. ನಿನ್ನೆ ರಾತ್ರಿ ಅದು ಗಾಡಿಯ ಹತ್ತಿರ ಬಂದಾಗಿನಿಂದ ಭಾಕರಿ ರೊಟ್ಟಿ ಹಾಕಿದ್ದಾಳೆ, ಬಿಸ್ಕತ್ತು ಹಾಕಿದ್ದಾಳೆ, ಬಟ್ಟಲಲ್ಲಿ ಹಾಲಿಟ್ಟಿದ್ದಾಳೆ. ನಾಯಿ ಅದರ ಮುಂದೆ ಕುಳಿತು ಜೊಲ್ಲು ಸುರಿಸುತ್ತಿದೆ, ಬಾಯಿ ಹಾಕುತ್ತಿಲ್ಲ. ಇದಕ್ಕೇನು ಹುಚ್ಚು ಹಿಡಿದಿದೆಯೇ ಎಂದು ಹಮಾಲರು ಕೇಳುತ್ತಿದ್ದಾರಂತೆ. ನಾನು ಎಲ್ಲವನ್ನೂ ಅಜ್ಜಿಗೆ ಕನ್ನಡದಲ್ಲಿ ಹೇಳಿದೆ. ಅವಳ ಮುಖ ನೋಡಲಾಗಲಿಲ್ಲ. ಬಸ್ ನಿಲ್ದಾಣದ ಕಂಬ ಅವಳಿಗೆ ನೆನಪಾಗಿರಬೇಕು, ನನಗಂತೂ ಆಯಿತು. ಸ್ಪೀಕರ್ ಹಾಕು ಮಾವಶಿ, ಫೋನನ್ನು ಅದರ ಕಡೆ ಹಿಡಿ ಎಂದೆ. ಫೋನಿನಲ್ಲಿ ಯಾವಾಗಲೂ ಹೊಲದಾಚೆಗೆ ಕೇಳುವಂತೆ ಕೂಗುತ್ತಿದ್ದ ಅಜ್ಜಿ ಆ ದಿನ ಮೆಲ್ಲಗೆ ಮಾತಾಡಿದಳು.

"ಸಿಮಿಟಿ. ನಾನಽ ಇದ್ದೀನಿ. ತಿನ್ನವ್ವಾ. ತಿನ್ನು."

ಆ ಕಡೆ ಮಾವಶಿ ನಗುವುದು ಕೇಳಿಸಿತು. ಕಿವಿ ಎತ್ತಿತು, ಎದ್ದಿತು, ತಿನ್ನುತ್ತಿದೆ, ಭಾಕರಿ ಮುಗಿಯಿತು, ಹಾಲಿಗೆ ಬಾಯಿ ಹಾಕಿತು. ಪಂದ್ಯದ ವರದಿ ಹೇಳುವವರಂತೆ ಅವಳು ಹೇಳುತ್ತಿದ್ದಳು, ನಾನು ಅದನ್ನು ಕನ್ನಡಕ್ಕೆ ತರುತ್ತಿದ್ದೆ, ಅಜ್ಜಿ ಫೋನಿಗೆ ಕೈ ಮುಗಿಯುತ್ತಿದ್ದಳು. ಆಮೇಲೆ ಮಾವಶಿ ಹೇಳಿದಳು: ಅಜ್ಜಿಗೆ ಹೇಳು, ಹತ್ತಿರಕ್ಕೆ ಕರೆಯಲಿ, ನಾನು ಪಟ್ಟಿ ಹಿಡಿದು ಕಟ್ಟಿಹಾಕುತ್ತೇನೆ, ನೀವು ಬರುವ ತನಕ ಇಟ್ಟುಕೊಳ್ಳುತ್ತೇನೆ. ಇದಕ್ಕಿಂತ ಒಳ್ಳೆಯ ಉಪಾಯ ಇವತ್ತಿಗೂ ನನಗೆ ಹೊಳೆದಿಲ್ಲ. ಅಜ್ಜಿ "ಬಾ" ಎಂದಳು. "ಬಾ ನನ್ನವ್ವಾ, ಬಾ." ಸಿಮಿಟಿ ಬಂತು. ಫೋನನ್ನು ಮೂಸಿತು, ನೆಕ್ಕಿತು. ಫೋನಿನ ಹಿಂದೆ ನೋಡಿತು. ಗಾಡಿಯ ಕೆಳಗೆ, ಸ್ಟೋವಿನ ಹಿಂದೆ, ಚೀಲಗಳ ಸಂದಿಯಲ್ಲಿ ನೋಡಿತು. ಮಾವಶಿಯ ದನಿಯಿಂದ ನಗು ಹೋಯಿತು.

"ಕುಣಾಲಾ ಶೋಧತೇಯ್ ಗ ಹೀ?"

ಯಾರನ್ನು ಹುಡುಕುತ್ತಿದೆ ಇದು, ಎಂದಳು. ನಾನು ಅದನ್ನು ಅಜ್ಜಿಗೆ ಹೇಳಲಿಲ್ಲ. ಮಾವಶಿ ಬಾಗಿ ಪಟ್ಟಿಗೆ ಕೈ ಹಾಕಿರಬೇಕು. ಗ್ಲಾಸುಗಳು ಉರುಳಿದ ಸದ್ದು, ಯಾರೋ ಓಡಿದ ಸದ್ದು, ಟ್ರ್ಯಾಕ್ಟರಿನ ಹಾರ್ನು.

"ಗೇಲೀ."

ಹೋಯಿತು. ಇದನ್ನು ಅನುವಾದ ಮಾಡುವ ಅಗತ್ಯ ಬೀಳಲಿಲ್ಲ. ಅಜ್ಜಿ ಫೋನಿಗೆ "ನಿಂದ್ರು, ನಿಂದ್ರು" ಎನ್ನುತ್ತಲೇ ಇದ್ದಳು, ಆ ಕಡೆ ಕಟ್ ಆದ ಮೇಲೂ.

ಯಾರಾದರೂ ವಾದಿಸಬಹುದು: ಆ ನಿಯಮ ಇಲ್ಲದಿದ್ದರೆ ಸಿಮಿಟಿ ಲಾಸಲಗಾಂವ್‌ನಲ್ಲಿ ಯಾರ ಕೈಯಿಂದಲಾದರೂ ತಿಂದು ಗಾಡಿಯ ಪಕ್ಕ ಮಲಗಿರುತ್ತಿತ್ತು, ನಾವು ಹೋಗಿ ಕರೆತರುತ್ತಿದ್ದೆವು. ಸರಿ. ಆದರೆ ಆ ನಿಯಮ ಇಲ್ಲದಿದ್ದರೆ ಅದು ನಾಸಿಕದ ಮಳೆಯಲ್ಲೇ ಒಂದು ಪಾವ್ ತಿಂದು ಸತ್ತಿರುತ್ತಿತ್ತು, ಲಾಸಲಗಾಂವ್ ತನಕ ಬರುತ್ತಲೇ ಇರಲಿಲ್ಲ. ಅದೂ ಸರಿ. ಎಷ್ಟೋ ವೇದಿಕೆಗಳ ಮೇಲೆ ಎಷ್ಟೋ ವಿಷಯಗಳ ಎರಡೂ ಕಡೆ ನಿಂತು ಮಾತಾಡಿದ್ದೇನೆ, ಕೆಳಗಿಳಿದು ಹಾಯಾಗಿ ಚಹಾ ಕುಡಿದಿದ್ದೇನೆ. ಈ ಒಂದರಲ್ಲಿ ಮಾತ್ರ ಯಾವ ಕಡೆ ಗೆದ್ದರೂ ನಾಯಿ ಸಿಗುವುದಿಲ್ಲ.

ಫೋನ್ ಇಟ್ಟ ಕೂಡಲೇ ನಾನು, ಅಜ್ಜಿ ಬಸ್ ಹಿಡಿದು ಹೊರಟೆವು. ಇಳಿದಾಗ ಮಧ್ಯಾಹ್ನ ಇಳಿಮುಖವಾಗಿತ್ತು. ಈರುಳ್ಳಿಯ ಸಿಪ್ಪೆ ಗಾಳಿಗೆ ಹಾರಿ ಅಜ್ಜಿಯ ತಲೆಗೆ, ಸೆರಗಿಗೆ ಅಂಟುತ್ತಿತ್ತು. ರಾಶಿಗಳ ನಡುವೆ, ತೂಕದ ಕಾಟಾಗಳ ನಡುವೆ, ಲಾರಿಗಳ ಕೆಳಗೆ ಬಗ್ಗಿ ಬಗ್ಗಿ "ಸಿಮಿಟಿ, ಬಾ, ಸಿಮಿಟಿ" ಎಂದು ಕರೆಯುತ್ತ ನಡೆದಳು. ಚೀಲ ಹೊತ್ತಿದ್ದ ಒಬ್ಬ ಹಮಾಲ ನಗುತ್ತ ನಿಂತ.

"ಆಜೀ, ಸಿಮೆಂಟ್ ಪಾಹಿಜೇ ಕಾಯ್? ಇಥಂ ಫಕ್ತ ಕಾಂದಾ ಮಿಳತೋ."

ಸಿಮೆಂಟ್ ಬೇಕೇನಜ್ಜಿ, ಇಲ್ಲಿ ಈರುಳ್ಳಿ ಮಾತ್ರ ಸಿಗುತ್ತದೆ. ಅದು ನಮ್ಮ ನಾಯಿಯ ಹೆಸರು ಎಂದು ನಾನು ಹೇಳಿದಾಗ ಅವನು ಚೀಲ ಇಳಿಸಿದ. ತನ್ನವರನ್ನೂ ಕರೆದ. ಅವರೆಲ್ಲ ಬೇರೆ ಬೇರೆ ದಿಕ್ಕಿಗೆ ಹೋಗಿ, ಅಜ್ಜಿಯಿಂದ ಕಲಿತ "ಬಾ"ವನ್ನು ತಮ್ಮ ನಾಲಿಗೆಯಲ್ಲಿ ಕೂಗಿದರು. ಮಾರ್ಕೆಟ್ಟಿನ ತುಂಬ ಕನ್ನಡದ ಒಂದೇ ಶಬ್ದ ಓಡಾಡಿತು. ಯಾವ ನಾಯಿಯೂ ತಿರುಗಲಿಲ್ಲ. ಕೊನೆಗೆ ಮಾವಶಿ ಅಜ್ಜಿಯನ್ನು ಬೆಂಚಿನ ಮೇಲೆ ಕೂರಿಸಿ ಚಹಾ ಕೊಟ್ಟಳು. ಅವಳ ಅಂಗೈ ಮೇಲೆ ಪಟ್ಟಿ ಎಳೆದು ಹೋದ ಗೆರೆ ಇನ್ನೂ ಕೆಂಪಗಿತ್ತು. ಅಜ್ಜಿ ಗ್ಲಾಸನ್ನು ನೋಡುತ್ತ ಬಹಳ ಹೊತ್ತು ಕುಳಿತಳು. ಆಮೇಲೆ ಕುಡಿದಳು.

ಸಿಮಿಟಿ ಸಿಗಲಿಲ್ಲ. ಹಳೆಯ ಬಿಲ್ಡಿಂಗಿಗೆ ಹೋಗಿರಬಹುದೆಂದು ಅಪ್ಪ ನಾಸಿಕದ ಪರಿಚಯದವರಿಗೆಲ್ಲ ಹೇಳಿಟ್ಟ. ಅಲ್ಲಿ ಈಗ ಬಾಗಿಲುಗಳಿದ್ದವು, ಯಾರೂ ಏನೂ ಕಾಣಲಿಲ್ಲ. ಆಮೇಲೆ ಅಗ್ಗದ ಸಿಮ್‌ಗಳು ಬಂದವು, ಕಂಪನಿಗಳು ಬದಲಾದವು, ಜೊತೆಯವರೆಲ್ಲ ನಂಬರ್ ಬದಲಿಸಿದರು. ಅಪ್ಪ ಬದಲಿಸಲಿಲ್ಲ. ನಾಯಿಗಳ ಆಯುಸ್ಸು ಎಷ್ಟೆಂದು ನನಗೆ ಗೊತ್ತು, ಅವನಿಗೂ ಗೊತ್ತು. ಇವತ್ತಿಗೂ ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಉಣ್ಣುತ್ತಿರುವ ತಟ್ಟೆಯಿಂದ ಎದ್ದು ಹೊರಗೆ ಹೋಗಿ ಎತ್ತುತ್ತಾನೆ. ಸಾಲ ಬೇಕೇ ಎಂದು ಕೇಳುವ ಹುಡುಗಿಯರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳುತ್ತಾನೆ. ಇದರ ತರ್ಕ ಏನು ಎಂದು ನಾನು ಅವನನ್ನು ಒಂದು ಸಲವೂ ಕೇಳಿಲ್ಲ.

ವಾಳೂಜಿನ ಸೈಟಿನಲ್ಲೂ ಒಂದು ಮರಿ ಸೇರಿಕೊಂಡಿತು, ಕಂದು ಬಣ್ಣದ್ದು. ಅಜ್ಜಿ ಬಹಳ ದಿನ ಅದರ ಕಡೆ ನೋಡಲಿಲ್ಲ. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅವಳು ಮರಳಿನ ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿದ್ದಳು, ಕೈಯಲ್ಲಿ ರೊಟ್ಟಿ. ಇಷ್ಟು ವರ್ಷ ಮಹಾರಾಷ್ಟ್ರದ ಅನ್ನ ಉಂಡರೂ ಒಂದು ಮರಾಠಿ ಶಬ್ದ ನಾಲಿಗೆಗೆ ತಂದವಳಲ್ಲ.

"ಯೇ," ಎಂದಳು ಮರಿಗೆ. "ಯೇ, ಯೇ. ಖಾ." ಸಿಮಿಟಿಗೆ ಹೇಳುತ್ತಿದ್ದ ಅದೇ ಬಾ, ತಿನ್ನು, ಈಗ ಮರಾಠಿಯಲ್ಲಿ.

"ಅಜ್ಜಿ, ನಿನಗ ಮರಾಠಿ ಬರ್ತದ?"

"ನಾಯಿಗಿ ಸಾಕಾಗೂವಷ್ಟು ಬರ್ತದ."

ಮರಿ ಬಂದು ಅವಳ ಕೈಯಿಂದಲೇ ತಿನ್ನತೊಡಗಿತು. ಆಚೆ ಇಟ್ಟಿಗೆಯ ಸಾಲಿನಿಂದ ಯಾರೋ "ಯೇ" ಎಂದು ಸಿಳ್ಳೆ ಹಾಕಿ ಕರೆದರು. ಯಾರೆಂದು ನಮಗೂ ಕಾಣಲಿಲ್ಲ. ಮರಿ ಅರ್ಧ ರೊಟ್ಟಿ ಬಿಟ್ಟು ಬಾಲ ಅಲ್ಲಾಡಿಸುತ್ತ ಅತ್ತ ಓಡಿತು. ಅದು ಯಾರು, ಅವರ ಕೈಯಲ್ಲಿ ಏನಿದೆ? ಕರೆಯಲು ಬಾಯಿ ತೆರೆದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದಳು.

"ಹೋಗ್ಲಿ ಬಿಡು ಸಂಗೀ. ಹೋಗೂದು ಕಲೀಲಿ."

ಹಿಡಿದ ಕೈಯನ್ನು ಅವಳು ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಉಳಿದ ರೊಟ್ಟಿ ಹಿಡಿದುಕೊಂಡು, ಮರಿ ಇಟ್ಟಿಗೆಗಳ ಹಿಂದೆ ಮರೆಯಾದ ಮೇಲೂ ಆ ಕಡೆಯೇ ನೋಡುತ್ತ ಕುಳಿತಿದ್ದಳು.